ಕೊಪ್ಪಳ ಸೀಮೆಯ ಕೆರೆ ಮತ್ತು ಬೀಳು: ಪಕ್ಷಿರಕ್ಷಣೆಯ ಒಂದು ವಿಚಾರ

ಕನ್ನಡನಾಡಿನ ಹಕ್ಕಿಗಳ ಮಾತು ಬಂದಾಗ ನಮ್ಮ ಲೇಖಕರ ದೃಷ್ಟಿಯು ಸಾಮಾನ್ಯವಾಗಿ ಮಲೆನಾಡಿನ ಕಡೆಗೇ ಹರಿಯುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಬಯಲುಸೀಮೆಯನ್ನು ಯಾರೂ ಅಷ್ಟಾಗಿ ನೆನೆಯರು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಗಂಗಾವತಿಯ ಬಹುಭಾಗವನ್ನು ತುಂಗಭದ್ರೆಯ ಎಡದಂಡೆಯ ಕಾಲುವೆಯು ಬತ್ತದ ನಾಡಾಗಿ ಮಾರ್ಪಡಿಸಿದೆ. ಉಳಿದೆಡೆಗಳಲ್ಲಿ ಎರೆ, ಮಸಾರಿ ಹೊಲಗಳು. ಅವುಗಳ ನಡುನಡುವೆ ಕಲ್ಲುಗುಡ್ಡ, ಹುಲ್ಲು, ಜಾಲಿಯ ಕುರುಚಲು.

ಉಳದೆ ಬಿಟ್ಟ ಇಂಥ ನೆಲಕ್ಕೆ ಜನರು ಬೀಳು ಎನ್ನುವರು. ಸರಕಾರದ ಕಾಗದಗಳಲ್ಲಿ ಅದು ಪಾಳುಭೂಮಿ. ಭಾರತ ಸರಕಾರವು ಪ್ರಕಟಿಸಿರುವ ಪಾಳುಭೂಮಿಗಳ ನಕಾಶೆ ಪುಸ್ತಕದಲ್ಲಿ ಕುರುಚಲಿಗೆ ಪ್ರತ್ಯೇಕ ವರ್ಗವೇ ಉಂಟು. ಹಳಗನ್ನಡದ ಪಾೞ್ ಶಬ್ದವೇ ನಮ್ಮ ಹಾಳು ಎಂಬುದನ್ನು ಭಾಷಾಭ್ಯಾಸಿಗಳಿಗೆ ಹೇಳಬೇಕಾದುದಿಲ್ಲ. ಬಿಟ್ಟುದೂ ಹಾಳಾದುದೂ ಒಂದೇ ಅಲ್ಲ. ಈ ಭೇದವನ್ನು ಮರೆತುದರಿಂದ ಹಕ್ಕಿಗಳಿಗಾದ ನಷ್ಟವು ಸಾಮಾನ್ಯವಾದುದಲ್ಲ.

ಆಂಗ್ಲ ಗ್ರಂಥಗಳಲ್ಲಿ ಸ್ಯಾಂಡ್‌ಗ್ರೌಸ್ ಎಂದು ಹೆಸರಾದ ಹಕ್ಕಿಯನ್ನು ನೋಡೋಣ. ಗಾತ್ರದಲ್ಲಿ ಪಾರಿವಾಳದಂತಹುದು, ಬಣ್ಣ ಒಣಮಣ್ಣಿನದು. ಗೂಡು ಕಟ್ಟದೆ ಬೀಳಿನ ತಗ್ಗಿನಲ್ಲಿಯೇ ಮೊಟ್ಟೆಯಿಡುವುದು. ಒಣಬೀಜಗಳೇ ಆಹಾರವಾದುದರಿಂದ ನೀರು ಅದಕ್ಕೆ ನಿತ್ಯದ ಅಗತ್ಯ. ಬೆಳಗಿನ ಹೊತ್ತು ಗುಂಪುಗುಂಪಾಗಿ ಕೆರೆಗೋ ಹಳ್ಳದ ಮಡುವಿಗೋ ಹಾರಿಹೋಗುವುದು. ಹಾರಲು ಬಾರದ ಮರಿಗಳ ಗತಿಯೇನು? ಗಂಡುಹಕ್ಕಿಯು ನೀರಿನಲ್ಲಿ ನಿಂತು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಮರಳುವುದು. ಮರಿಗಳು ಆ ಗರಿಗಳನ್ನು ಕೊಕ್ಕಿನಿಂದ ಹಿಂಡಿ ಕುಡಿಯುವುವು. 1896ರಲ್ಲಿ ಮೀಡ್-ವಾಲ್ಡೊ ಎಂಬ ಆಂಗ್ಲನು ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಪಂಡಿತರಲ್ಲಿ ಹಲವರು ನಂಬಲಿಲ್ಲ. 1967ರಲ್ಲಿ ಕೇಡ್, ಮ್ಯಾಕ್ಲೀನ್ ಎಂಬಿಬ್ಬರ ಪರಿಶೋಧನೆಯಿಂದ ಸಂದೇಹವು ನೀಗಿತು. ಇಂಥ ಜೀವಿಗೆ ಕೆರೆಯೊಂದನ್ನೇ ಕಾಯ್ದುಕೊಟ್ಟರೆ ಪ್ರಯೋಜನವೇನು?

ಕೆರೆಗಳಿಗಾದರೋ ನೆರೆಯ ಸೀಮೆಗಳಲ್ಲಿ ಒಳ್ಳೆಯ ಮನ್ನಣೆ ದೊರೆತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದುವು. ಮಂಗೋಲಿಯ, ಟಿಬೆಟ್ಟುಗಳಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಾಗಡಿಯಲ್ಲಿ ಚಳಿಗಾಲವನ್ನು ಕಳೆಯುವುವು. ಅವು ಕೂಡ ನೀರಿನಲ್ಲಿ ತಂಗಿ, ಸುತ್ತಣ ರೈತರ ಹೊಲಗಳಲ್ಲಿ ಮೇಯತಕ್ಕವು.

ಬೀಳಿನ ಭಾಗ್ಯವು ಬೇರೆ. ಎರೆಲಡ್ಡು ಎಂಬ ಹೆಬ್ಬಕ್ಕಿಯ ಹೆಸರಿನಲ್ಲಿಯೇ ಅದರ ನೆಲವಿದೆ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುವುದು. ಕರ್ನಾಟಕದಲ್ಲಿ ಅದಕ್ಕುಳಿದ ನೆಲೆಯೆಂದರೆ ಗಂಗಾವತಿಗೆ ಪೂರ್ವದಲ್ಲಿ, ಹೊಳೆಯಾಚೆಯ ಸಿರುಗುಪ್ಪದ ಬಯಲು. ರಾಣೆಬೆನ್ನೂರಿನಲ್ಲಿಯೂ ಅದಿದ್ದಿತು. ಅಲ್ಲಿ 1974ರಲ್ಲಿ ಕೃಷ್ಣಮೃಗಧಾಮವೇನೋ ಆಯಿತು. ಆದರೆ ಕುರುಚಲಿನ ಬಹುಭಾಗವನ್ನು ನೀಲಗಿರಿ ಮರಗಳ ತೋಪು ಆಕ್ರಮಿಸಿತ್ತು, ಎರೆಲಡ್ಡು ಮರೆಯಾಯಿತು. ಮರವಿಲ್ಲದ ನೆಲವನ್ನು ಕಂಡೊಡನೆ ಸಸಿ ನೆಡುವ ಉತ್ಸಾಹವು ಸದುದ್ದೇಶದ್ದೇ ಆದರೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಅದು ಒಕ್ಕಲೆಬ್ಬಿಸುವಿಕೆಯೇ ಸರಿ. ಈಗ ಯಲಬುರ್ಗಾ, ಕುಷ್ಟಗಿಗಳ ಬಯಲಿನಲ್ಲಿ ಗಾಳಿಯಂತ್ರಗಳೂ ವಿದ್ಯುತ್ತಂತಿಗಳೂ ಎದ್ದಿವೆ. ಭಾರವಾದ ಮೈಯೂ ಮುಂದಕ್ಕೆ ಮಂದವಾದ ನೋಟವೂ ಉಳ್ಳ ಎರೆಲಡ್ಡಿನಂಥ ಹಕ್ಕಿಯು ತಂತಿಯನ್ನು ಕಂಡು ತಿರುಗುವಷ್ಟರಲ್ಲಿ ಹೊತ್ತು ಮೀರಿರುವುದು.

ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆಯ ಕುರುಚಲನ್ನು ತೋಳಗಳಿಗಾಗಿ ಮೀಸಲಿಡಲಾಗಿದೆ. ಹಕ್ಕಿಗಳನ್ನು ಉದ್ದೇಶಿಸಿದುದಲ್ಲವಾದರೂ ಅವುಗಳಿಗೆ ಇದು ಲಾಭವೇ. ಮಿಕ್ಕ ಹಳ್ಳಿಗಳಲ್ಲಿ ಗ್ರಾಮನಕ್ಷೆಯನ್ನು ಬರೆಯುವಾಗ ಕೆರೆಯಂಗಳವನ್ನೂ ಅದರ ಸುತ್ತಣ ಬೀಳನ್ನೂ ಒಂದೇ ಗೆರೆಯೊಳಗೆ ಗುರುತಿಸುವುದು ಸಾಧ್ಯ; ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗದು.