ಮುಳ್ಳಿನಿಂದ ಮುಳ್ಳು

ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳನ್ನು ಅರಿಯದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಆ ಹೆಸರು ಏಕೆ ಬಂದಿತೆಂದು ವಿಚಾರಿಸಿದವರು ಇನ್ನೂ ವಿರಳ. ಭಾರತದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಕೆಲವೇ ಸ್ಥಳಗಳಲ್ಲಿ ಬೆಳಗಾವಿಯೂ ಒಂದು. ಸೌಮ್ಯವಾದ ಒಂದು ವೈರಸ್ಸನ್ನು ಮೈಯಲ್ಲಿ ಹೊಗಿಸಿ, ಘೋರವಾದ ಇನ್ನೊಂದನ್ನು ತಡೆಯುವ ಉಪಾಯವದು. ನಮ್ಮ ಅಜ್ಜಿಯ ತೋಳಿನ ಮೇಲೆ ಅದರ ಗುರುತು ಇಂದಿಗೂ ಇದೆ.

ಈ ಸಂಗತಿ ನನಗೆ ನೆನಪಾದದ್ದು ಕಳೆದ ವರ್ಷ. ಖಾನಾಪುರ ತಾಲೂಕಿನಲ್ಲಿ ಒಕ್ಕಲುತನ ಮಾಡುತ್ತಿದ್ದ ನನ್ನ ಸೋದರಮಾವನ ಮಿದುಳಿನಲ್ಲಿ ಗಡ್ಡೆಯಿದೆಯೆಂದು ವೈದ್ಯರು ಹೇಳಿದರು. ಗ್ಲಿಯೊಬ್ಲಾಸ್ಟೋಮಾ ಎಂದು ಅದರ ಹೆಸರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ನೀ ಓದಿದಾಂವ, ಹಂಗಂದ್ರ ಏನು ಹೇಳಪಾ” ಎಂದು ಅತ್ತೆ ಕೇಳಿದಾಗ ನಾನು ತಲೆ ತಗ್ಗಿಸಬೇಕಾಯಿತು. ಅನಂತರ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಲದಲ್ಲಿ ಕರಕಿ ಹಬ್ಬಿದಂತೆ ಈ ಗಡ್ಡೆ ಮಿದುಳಿನಲ್ಲಿ ಹಬ್ಬುತ್ತದೆ. ಕಣ್ಣಿಗೆ ಕಂಡಷ್ಟನ್ನು ಕೊಯ್ದು ತೆಗೆದರೂ ಬೇರಿನ ಎಳೆಗಳು ಉಳಿದು ಮತ್ತೆ ಚಿಗುರುತ್ತವೆ. ಶಸ್ತ್ರಕ್ರಿಯೆ, ಕಿರಣ, ಔಷಧ ಮೂರೂ ದೊರೆತ ರೋಗಿಗಳಲ್ಲಿಯೂ ಸುಮಾರು ಅರ್ಧದಷ್ಟು ಜನ 15 ತಿಂಗಳೊಳಗೆ ತೀರಿಕೊಳ್ಳುತ್ತಾರೆ.

ಇಲ್ಲಿಯೇ ವೈರಸ್ಸಿನ ವಿಚಾರ ಬರುತ್ತದೆ. ವೈರಸ್ಸು ತಾನಾಗಿ ಬೆಳೆಯಲಾರದು. ಜೀವಕೋಶವನ್ನು ಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಸಂತಾನವನ್ನು ಬೆಳೆಸಿ, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. ಆರೋಗ್ಯವಂತ ಕೋಶಕ್ಕೆ ಇದನ್ನು ತಡೆಯುವ ಶಕ್ತಿಯುಂಟು. ಕ್ಯಾನ್ಸರಿನ ಕೋಶದಲ್ಲಿ ಅದು ಅನೇಕ ಸಲ ಕುಂದಿರುತ್ತದೆ. ಆದುದರಿಂದ ವಿಜ್ಞಾನಿಗಳು ವೈರಸ್ಸಿನ ಕೆಲವು ಜೀನುಗಳನ್ನು ಕಿತ್ತು, ಕ್ಯಾನ್ಸರಿನ ಕೋಶದಲ್ಲಿ ಮಾತ್ರ ಅದು ಬೆಳೆಯುವಂತೆ ಮಾಡುತ್ತಾರೆ. ಒಡೆದ ಕೋಶಗಳ ಚೂರುಗಳಿಂದ ದೇಹದ ರಕ್ಷಣಾಶಕ್ತಿಯೂ ಎಚ್ಚತ್ತು ಗಡ್ಡೆಯನ್ನು ಎದುರಿಸುತ್ತದೆ.

1991ರಲ್ಲಿ ಅಮೇರಿಕೆಯ ಮಾರ್ಟುಜಾ ಮತ್ತು ಸಂಗಡಿಗರು ಹರ್ಪಿಸ್ ವೈರಸ್ಸನ್ನು ಹೀಗೆ ಬದಲಿಸಿ ಪ್ರಯೋಗ ನಡೆಸಿದರು. ಅಲ್ಲಿಯ ಡ್ಯೂಕ್ ವಿಶ್ವವಿದ್ಯಾಲಯದವರು ಪೋಲಿಯೊ ವೈರಸ್ಸನ್ನು ಮಾರ್ಪಡಿಸಿ, ಗಡ್ಡೆ ಮರುಕಳಿಸಿದ 61 ರೋಗಿಗಳಿಗೆ ಕೊಟ್ಟರು. 2018ರಲ್ಲಿ ಪ್ರಕಟವಾದ ವರದಿಯಂತೆ ಮೂರು ವರ್ಷಗಳ ತರುವಾಯ ನೂರಕ್ಕೆ 21ರಷ್ಟು ಜನ ಬದುಕಿದ್ದರು. ಹಿಂದಿನ ಅಂಥ ರೋಗಿಗಳಲ್ಲಿ ಈ ಪ್ರಮಾಣ ನೂರಕ್ಕೆ 4 ಇತ್ತು. ಟೋಕಿಯೊ ವಿಶ್ವವಿದ್ಯಾಲಯದ ಟೋಡೊ ಅವರ ಹರ್ಪಿಸ್ ಔಷಧಕ್ಕೆ ಜಪಾನ್ ಸರಕಾರವು 2021ರಲ್ಲಿ ಷರತ್ತಿನ ಮೇಲೆ ಅನುಮತಿ ನೀಡಿತು.

ಆದರೆ ವಾಚಕರು ಅವಸರದ ಆಸೆ ಪಡಬಾರದು. ಜಪಾನಿನ ಆ ಪ್ರಯೋಗದಲ್ಲಿದ್ದವರು 19 ಜನ ಮಾತ್ರ. ಬಹುಪಾಲು ರೋಗಿಗಳಿಗೆ ಡ್ಯೂಕಿನ ಔಷಧದಿಂದಲೂ ಜೀವ ಉಳಿಯಲಿಲ್ಲ.

ನಮ್ಮ ಮಾವ ಈಗಿಲ್ಲ. ಇವೆಲ್ಲವನ್ನೂ ಅತ್ತೆಗೆ ಕರಕಿಯ ಮಾತಿನಲ್ಲಿಯೇ ವಿವರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ನಾವು ಏನೂ ತಪ್ಪು ಮಾಡಿದ್ದಿಲ್ಲ” ಎಂದಳು. ಅಷ್ಟು ದಿನ ಆಕೆ ಆ ಭಾರವನ್ನು ಹೊತ್ತಿದ್ದಳೆಂಬುದು ನನಗೆ ತಿಳಿದಿರಲಿಲ್ಲ.

ಜೆನ್ನರನು ಮೊದಲ ಲಸಿಕೆ ಹಾಕಿದ್ದು 1796ರಲ್ಲಿ; ಸಿಡುಬು ಅಳಿಯಿತೆಂದು ಜಗತ್ತು ಸಾರಿದ್ದು 1980ರಲ್ಲಿ. ಡಿಪೋದ ಮರಗಳ ಕೆಳಗೆ ನಡೆಯುವಾಗ ಈಗ ಆ 184 ವರ್ಷಗಳನ್ನು ನೆನೆಯುತ್ತೇನೆ.