ಹಿತ್ತಲಿಗೊಂದು ಕವಳೆ ಬೇಲಿ

ಹೊರದೇಶದಲ್ಲಿ ಮಕ್ಕಳಿರುವ ನಮ್ಮ ಸದಸ್ಯರಲ್ಲಿ ಕೆಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಸಂಘದ ಕಛೇರಿಗೆ ತರುತ್ತಿದ್ದಾರೆ. ಎಲ್ಡರ್‌ಬೆರಿ ಎಂಬ ಕಪ್ಪು ಹಣ್ಣಿನ ಪೊದೆಯನ್ನು ಸಿಂಗಟಗೆರೆಯ ಹಿತ್ತಲಿನಲ್ಲಿ ಬೆಳೆಯಬಹುದೆ ಎಂಬುದೇ ಆ ಪ್ರಶ್ನೆ. ಅದರ ಪಾನಕವನ್ನು ನೆಗಡಿಗೆಂದು ಸೀಸೆಗಳಲ್ಲಿ ತುಂಬಿ ಮಾರುತ್ತಾರೆ, ಬೆಲೆಯೂ ಕಡಿಮೆಯಿಲ್ಲ. ಹಾಗಾಗಿ ಕೇಳುವವರ ಆಸೆ ನಮಗೆ ಅರ್ಥವಾಗುತ್ತದೆ.

ಆದರೆ ಅದು ಯೂರೋಪು, ಅಮೆರಿಕಗಳ ತಣ್ಣನೆಯ ಸೀಮೆಯ ಗಿಡ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು, ಬೇಸಿಗೆಯಲ್ಲಿ ಬುಡ ತೇವವಾಗಿರಬೇಕು. ನಮ್ಮಲ್ಲಿ ಮಲಗುವ ಚಳಿಯೂ ಇಲ್ಲ, ಏಪ್ರಿಲ್ ತಿಂಗಳಿನಲ್ಲಿ ಬುಡಕ್ಕೆ ಹೊಯ್ಯಲು ನೀರೂ ಇಲ್ಲ. ಮೇಲಾಗಿ ಅದರ ಎಲೆ, ಕಡ್ಡಿ, ಹಸಿಕಾಯಿಗಳಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ; ಮಾಗಿದ ಹಣ್ಣನ್ನೂ ಬೇಯಿಸಿಯೇ ತಿನ್ನಬೇಕು. ಮಕ್ಕಳಾಡುವ ಹಿತ್ತಲಿಗೆ ಇಂಥದ್ದನ್ನು ದುಡ್ಡು ಕೊಟ್ಟು ತರಿಸುವುದೇಕೆ? ಕಪ್ಪು ಹಣ್ಣಿನ ಪೊದೆಯೇ ಬೇಕೆಂದರೆ ನಮ್ಮ ಕಾವಲುಗಳಲ್ಲಿ ತಾನಾಗಿ ಬೆಳೆದುಕೊಂಡು ಬಂದ ಕವಳೆ ಇದೆ.

ಮಲೆನಾಡಿನವರು ಇದನ್ನು ಕೌಳಿ ಎನ್ನುತ್ತಾರೆ, ಕರಾವಳಿಯವರು ಕರಂಡೆ ಎನ್ನುತ್ತಾರೆ, ಸಂಸ್ಕೃತದಲ್ಲಿ ಕರಮರ್ದ. ಇದರಲ್ಲಿ ಎರಡು ಬಗೆ. ಗುಡ್ಡದ ಕುರುಚಲಿನಲ್ಲಿ ಕಾಣುವುದು ಚಿಕ್ಕ ಹಣ್ಣಿನದು. ದನ ಕಾಯುವ ಹುಡುಗರು ತುಟಿ ಕಪ್ಪಾಗುವ ಹಾಗೆ ತಿನ್ನುತ್ತಿದ್ದುದು ಇದನ್ನೇ. ಉಪ್ಪಿನಕಾಯಿಗೆ ಒದಗುವುದು ದಪ್ಪ ಕಾಯಿಯದು. ಎರಡಕ್ಕೂ ಹೊಳೆಯುವ ಗಟ್ಟಿ ಎಲೆ, ಜೋಡಿ ಮುಳ್ಳು, ಮಲ್ಲಿಗೆಯನ್ನು ಹೋಲುವ ಬಿಳಿ ಹೂವು, ಎಲ್ಲಿ ಮುರಿದರೂ ಒಸರುವ ಬಿಳಿ ಹಾಲು. ಕಣಗಿಲೆಯ ಕುಟುಂಬದ್ದೇ ಆದರೂ ಕಣಗಿಲೆಯ ವಿಷ ಇದರ ಹಣ್ಣಿಗಿಲ್ಲ.

ಈಗ ಈ ಮಾತನ್ನು ಎತ್ತಲು ಕಾರಣವಿದೆ. ಇದೇ ಜಿಲ್ಲೆಯ ಶೃಂಗೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಮಳೆಯ ನೆರಳಿನಲ್ಲಿರುವ ಕಡೂರು ಬಯಲಿಗೆ ಸಿಗುವುದು 600ರ ಆಸುಪಾಸು. ಆದರೂ ನಾವು ಅಡಿಕೆ ಇಟ್ಟಿದ್ದೇವೆ, ಕೊಳವೆ ಬಾವಿಯನ್ನು ನಂಬಿದ್ದೇವೆ. ತೋಟಕ್ಕೆ ದನ, ಆಡು ನುಗ್ಗದಿರಲೆಂದು ಕಲ್ಲುಕಂಬ, ಮುಳ್ಳುತಂತಿಗೆ ಸುರಿಯುವ ಹಣ ಸಣ್ಣದಲ್ಲ; ಆ ಸಾಲ ತೀರುವ ಹೊತ್ತಿಗೆ ತಂತಿ ತುಕ್ಕು ಹಿಡಿದಿರುತ್ತದೆ. ತಂತಿ ಬಂದ ಕಡೆಯಲ್ಲೆಲ್ಲ ಹಸಿಬೇಲಿ ಹೋಯಿತು. ಹೊಲದ ಬದುಗಳಲ್ಲಿದ್ದ ಕವಳೆ, ಕಾರೆ ಪೊದೆಗಳನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕಿತ್ತೆಸೆಯುತ್ತದೆ. ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಿತವೆಂದು ಘೋಷಿತವಾದ ಬಾಸೂರಿನ ಅಮೃತಮಹಲ್ ಕಾವಲಿನಂಥ ಕಡೆ ಕುರುಚಲು ಉಳಿದೀತು. ನಮ್ಮ ಬದುಗಳನ್ನು ಉಳಿಸುವುದಕ್ಕೆ ಯಾವ ಘೋಷಣೆಯೂ ಬರುವುದಿಲ್ಲ.

ಇನ್ನು ಬೆಳೆಯುವ ಕ್ರಮ. ಕವಳೆಯ ಬೀಜ ಬಹುಬೇಗ ಸತ್ತುಹೋಗುತ್ತದೆ. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇವೆಂದರೆ ಮೊಳಕೆ ಕಾಣುವುದು ಕಷ್ಟ. ಜೂನ್-ಜುಲೈ ತಿಂಗಳುಗಳಲ್ಲಿ ಪೂರ್ತಿ ಕಪ್ಪಾದ ಹಣ್ಣನ್ನು ಹಿಸುಕಿ, ಬೀಜವನ್ನು ಬೂದಿಯಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಆರಿಸಿ ಕೂಡಲೇ ಪಾಲಿಥೀನ್ ಚೀಲಗಳಲ್ಲಿ ಊರಬೇಕು. ಮರಳು, ಮಣ್ಣು, ಕೊಟ್ಟಿಗೆ ಗೊಬ್ಬರ ಸಮಭಾಗ ಇರಲಿ. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಎಳೆಯ ಸಸಿಗೆ ನೀರು ಹೆಚ್ಚಾದರೆ ಬುಡ ಕೊಳೆತು ಮಲಗುತ್ತದೆ. ಕಾಫಿ ಸಸಿಮಡಿ ನೋಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡ್ಡಿ ನೆಟ್ಟರೆ ಬೇರು ಬರುವುದು ಅಪರೂಪ. ಒಳ್ಳೆಯ ಗಿಡದ ತಳಿ ಹಾಗೆಯೇ ಬೇಕೆನ್ನುವವರು ಮಳೆಗಾಲದಲ್ಲಿ ಗೂಟಿ ಕಟ್ಟಬೇಕು. ಬೀಜದ ಗಿಡಗಳು ಒಂದರಂತೆ ಒಂದಿರುವುದಿಲ್ಲ, ಆದ್ದರಿಂದ ದಪ್ಪ ಕಾಯಿಯ, ಪ್ರತಿ ವರ್ಷ ತಪ್ಪದೆ ಹಿಡಿಯುವ ತಾಯಿಗಿಡವನ್ನು ನೋಡಿಯೇ ಹಣ್ಣು ಆರಿಸತಕ್ಕದ್ದು. ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಬೋಲ್ಡ್’, ಪಂತನಗರದ ‘ಪಂತ್ ಸುದರ್ಶನ್’, ‘ಪಂತ್ ಮನೋಹರ್’ ಆಯ್ದ ತಳಿಗಳು. ನಂಬಿಕೆಯ ಸಸಿ ದೊರೆತರೆ ಒಂದೆರಡು ಹಾಕಿ ನೋಡಬಹುದು.

ಒಂದು ವರ್ಷದ ಸಸಿಯನ್ನು ಮುಂದಿನ ಮುಂಗಾರಿನಲ್ಲಿ ನೆಡಬೇಕು. ಬೇಲಿಗಾದರೆ 2ರಿಂದ 3 ಅಡಿಗೊಂದು, ಹಣ್ಣಿಗಾದರೆ 8 ಅಡಿಯ ಅಂತರ. ಗರಸು ಮಣ್ಣು, ಕೆಂಪು ಮಣ್ಣು ಎರಡೂ ಆಗುತ್ತದೆ. ಎರೆಭೂಮಿಯವರು ಮಾತ್ರ ನೀರು ನಿಲ್ಲದಂತೆ ಏರಿ ಮಾಡಿ ನೆಡಬೇಕು. ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ನೀರು, ಬುಡಕ್ಕೆ ಅಡಿಕೆ ಸಿಪ್ಪೆಯ ಮುಚ್ಚಿಗೆ, ಆಡು ಬಾಯಿ ಹಾಕದಂತೆ ಜಾಲಿ ಮುಳ್ಳಿನ ಕಾವಲು. ಆಮೇಲೆ ಗಿಡ ನಮ್ಮನ್ನು ಕೇಳುವುದಿಲ್ಲ. ಮೂರನೆಯ ವರ್ಷದಿಂದ ಕಾಯಿ ಕಾಣಬಹುದು. ಚೆನ್ನಾಗಿ ಬೆಳೆದ ಗಿಡ 4-5 ಕಿಲೋ ಕೊಡುತ್ತದೆ.

ಕತ್ತರಿ ಹಾಕುವ ವಿಚಾರದಲ್ಲಿ ಹೆಚ್ಚು ಜನ ಎಡವುತ್ತಾರೆ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಸಂಕ್ರಾಂತಿ ಕಳೆದ ಮೇಲೆ ಬೇಲಿ ಅಂದವಾಗಿರಲೆಂದು ಸಮನಾಗಿ ಕತ್ತರಿಸಿದರೆ ಆ ವರ್ಷದ ಕಾಯಿಯನ್ನೂ ಕತ್ತರಿಸಿದಂತೆ. ಕೊಯ್ಲು ಮುಗಿದ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಒಣಗಿದ ರೆಂಬೆ, ಒಳಗೆ ಹೆಣೆದುಕೊಂಡ ಕಡ್ಡಿಗಳನ್ನು ತೆಗೆಯಿರಿ. ಬೇಲಿಯ ದಾರಿ ಕಡೆಯ ಮೈಯನ್ನು ಒತ್ತಾಗಿ ಸವರಿ, ಹಿತ್ತಲ ಕಡೆಯ ಮೈಯನ್ನು ಕಾಯಿಗೆ ಬಿಟ್ಟರೆ ಎರಡೂ ಕೆಲಸ ನಡೆಯುತ್ತದೆ. ಬೇಲಿಯ ಬುಡ ತೆಳುವಾಗದಂತೆ ಮೊದಲ ವರ್ಷವೇ ಸಸಿಯ ತುದಿ ಚಿವುಟಿ ಕವಲೊಡೆಸುವುದನ್ನು ಮರೆಯಬಾರದು.

ಕಾಯಿ ಕೀಳುವವರು ತೋಳು ಮುಚ್ಚುವ ಅಂಗಿ ಹಾಕಲಿ. ಉಪ್ಪಿನಕಾಯಿಗೆ ಹಸಿರುಕಾಯಿ, ಹೆಚ್ಚುವ ಮುಂಚೆ ಉಪ್ಪುನೀರಿನಲ್ಲಿ ನೆನೆಸಿ, ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡರೆ ಹಾಲಿನ ಅಂಟು ಕಾಡುವುದಿಲ್ಲ. ಜೆಲ್ಲಿಗೆ ಕೆಂಪು ತಿರುಗಿದ ಅರೆಗಾಯಿಯೇ ಉತ್ತಮ, ಏಕೆಂದರೆ ರಸವನ್ನು ಗಟ್ಟಿಮಾಡುವ ಪೆಕ್ಟಿನ್ ಪೂರ್ತಿ ಮಾಗಿದ ಹಣ್ಣಿನಲ್ಲಿ ಇಳಿದಿರುತ್ತದೆ. ಮುಳುಗುವಷ್ಟು ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ರಸದ ಅಳತೆಯಷ್ಟೇ ಸಕ್ಕರೆ ಹಾಕಿ ಕುದಿಸಬೇಕು. ಸೌಟಿನ ಅಂಚಿನಿಂದ ರಸ ಹನಿಯಾಗದೆ ಹಾಳೆಯಂತೆ ಬಿದ್ದಾಗ ಇಳಿಸಿ. ಹುಳಿ ಹೆಚ್ಚಿರುವುದರಿಂದ ಅಲ್ಯೂಮಿನಿಯಂ, ಹಿತ್ತಾಳೆ ಬೇಡ. ಸ್ಟೀಲ್ ಪಾತ್ರೆಯೇ ಆಗಬೇಕು. ಬೇಕರಿಯ ಕೇಕಿನ ಮೇಲೆ ‘ಚೆರ್ರಿ’ ಎಂದು ಕೂರಿಸುವುದು ಬಹಳ ಸಲ ಬಣ್ಣ ಕಟ್ಟಿ ಸಕ್ಕರೆಯಲ್ಲಿ ನೆನೆಸಿದ ಈ ಕಾಯಿಯನ್ನೇ. ನಾವು ಬದುವಿನಲ್ಲಿ ಕಿತ್ತೆಸೆದದ್ದನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ತಿನ್ನುತ್ತಿದ್ದೇವೆ ಅನ್ನಿ.

ಹಾಗೆಂದು ಅಡಿಕೆ ತೆಗೆದು ಎಕರೆಗಟ್ಟಲೆ ಕವಳೆ ಹಾಕಿರೆಂದು ನಾವು ಹೇಳುತ್ತಿಲ್ಲ. ಮುಳ್ಳಿನ ನಡುವೆ ಕೀಳುವ ಕೂಲಿ ದುಬಾರಿ; ಹಣ್ಣು ಎರಡು ಮೂರು ದಿನಕ್ಕಿಂತ ತಾಳುವುದಿಲ್ಲ; ಸಂತೆಯ ಬೆಲೆಯನ್ನು ನೆಚ್ಚುವಂತಿಲ್ಲ. ಬೇಲಿಯೆಂದು ಬೆಳೆದು, ಬಂದ ಕಾಯಿಯನ್ನು ಮನೆಮಟ್ಟಿಗೆ ಬಳಸಿ, ಮಿಕ್ಕಿದ್ದನ್ನು ಮಾರುವುದೇ ಲೆಕ್ಕಕ್ಕೆ ಸರಿಹೋಗುವ ದಾರಿ.

ದಪ್ಪ ಕಾಯಿಯ ಹಳೆಯ ಗಿಡ ಇನ್ನೂ ಯಾರ ಬದುವಿನಲ್ಲಾದರೂ ಉಳಿದಿದ್ದರೆ ದಯವಿಟ್ಟು ಕಡಿಯಬೇಡಿ, ಕಛೇರಿಗೆ ತಿಳಿಸಿ. ಹಣ್ಣು ಮಾಗುವ ಕಾಲಕ್ಕೆ ಬೀಜ ತಂದು ಚೀಲಗಳಲ್ಲಿ ಹಾಕಿಸುವ ಏರ್ಪಾಡು ಮಾಡುತ್ತೇವೆ. ಸಸಿ ಬೇಕಾದವರು ತಮ್ಮ ಬೇಲಿಯ ಉದ್ದವನ್ನು ಅಡಿಗಳಲ್ಲಿ ಅಳೆದುಕೊಂಡು ಬಂದು ಹೆಸರು ಬರೆಸತಕ್ಕದ್ದು.