ಡೇರೆ ಗೆಡ್ಡೆಯ ಕಣ್ಣು

ಮೇ ಎರಡನೇ ವಾರ 15 ದಿನದ ವರ್ಕ್ ಫ್ರಂ ಹೋಮ್ ಕೇಳಿಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಕೆಲಸ: ಅಮ್ಮನ ಹೂದೋಟವನ್ನು ಕಡಿಮೆ ಮಾಡುವುದು.

ಜನವರಿಯಲ್ಲಿ ಅಮ್ಮನ ಮೊಣಕಾಲಿನ ಆಪರೇಷನ್ ಆಗಿದೆ. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಜಾರುವ ಕಡೆ ಓಡಾಡುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮೂರಲ್ಲಿ ಜಾರದ ಜಾಗ ಅಂತ ಇದ್ದರೆ ಅದು ಅಡುಗೆಮನೆ ಮಾತ್ರ. ಜೂನ್ ಕಳೆಯುವಷ್ಟರಲ್ಲಿ ಅಂಗಳವೆಲ್ಲ ಪಾಚಿ. ಹಾಗಾಗಿ ಅಣ್ಣ ಮತ್ತು ನಾನು ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಈ ವರ್ಷ ಡೇರೆ ಬೇಡ, ಕುಂಡಗಳು ಅರ್ಧಕ್ಕರ್ಧ ಕಡಿಮೆ, ಆಮೇಲೆ ನಿಧಾನಕ್ಕೆ ಅಮ್ಮನನ್ನ ಬೆಂಗಳೂರಿಗೆ ಕರೆಸಿಕೊಳ್ಳೋದು. ಅಮ್ಮನನ್ನ ಕೇಳಿದ್ವಾ? ಇಲ್ಲ.

ಬೇಸಿಗೆ ಕೊನೆಯ ಹೂದೋಟ ನೋಡೋಕೆ ಅಷ್ಟೇನೂ ಚೆಂದ ಇರಲ್ಲ. ದಾಸವಾಳದ ಕುಡಿಗಳಿಗೆ ಬಿಳಿ ಹಿಟ್ಟು ತಿಗಣೆ, ಸೇವಂತಿಗೆ ಬರೀ ಒಣಕಡ್ಡಿ, ಎಲ್ಲೆಲ್ಲೂ ತರಗೆಲೆ. ದುಂಡುಮಲ್ಲಿಗೆ ಒಂದೇ ಬಿಸಿಲಿಗೆ ಸೊಪ್ಪು ಹಾಕದೆ ಬುಟ್ಟಿಗಟ್ಟಲೆ ಬಿಡ್ತಾ ಇತ್ತು. ಮೊದಲ ದಿನ ಬೆಳಗ್ಗೆ ಆರಕ್ಕೆ ಎದ್ದು, ಹತ್ತು ಗಂಟೆಯ ಮೀಟಿಂಗ್ ಒಳಗೆ ಅರ್ಧ ಅಂಗಳ ಕ್ಲೀನ್ ಮಾಡಿದೆ. ಒಣಗಿದ್ದೆಲ್ಲ ಕತ್ತರಿಸು, ಖಾಲಿ ಕುಂಡ ಬೋರಲು ಹಾಕು. ಎರಡು ಕುಂಡದಲ್ಲಿ ಬರೀ ಒಣಮಣ್ಣಿತ್ತು, ಒಂದೆಲೆಯೂ ಇರಲಿಲ್ಲ. ಗೊಬ್ಬರಗುಂಡಿಗೆ ಸುರಿದೆ. ಕನಕಾಂಬರದ ಒಣಗಿದ ತೆನೆಗಳನ್ನೆಲ್ಲ ಕತ್ತರಿಸಿ ಗುಡಿಸಿ ಹಾಕಿದೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ, “ನಿಂಗೆ ಸರಿ ಕಂಡಂಗೆ ಮಾಡು” ಅಂದಳು. ಅಮ್ಮ ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಬಂದರೆ, “ಕನಕಾಂಬರದ ತೆನೆ ಎಲ್ಲಿ ಹಾಕ್ದೆ? ಒಂದು ಹಿಡಿ ತಗಂಬಾ, ಒಂದು ಬಟ್ಟಲು ನೀರೂ ತಾ” ಅಂದಳು. ತಂದುಕೊಟ್ಟೆ. ತೆನೆಯನ್ನು ನೀರಿಗೆ ಹಾಕಿ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಪಟ್ ಅಂತ ಒಂದು ಸದ್ದು, ಆಮೇಲೆ ಪಟಪಟ ಶುರು. ಬೀಜಗಳು ಜಗಲಿ ತುಂಬಾ ಸಿಡಿದವು, ಒಂದು ನನ್ನ ಕನ್ನಡಕಕ್ಕೆ ಬಡೀತು. ಚಿಕ್ಕವಳಿದ್ದಾಗ ರಜೆಯಲ್ಲಿ ನಾನೂ ಅಣ್ಣನೂ ಎಷ್ಟು ಆಡಿದ್ದೇವೋ, ಪೂರ್ತಿ ಮರೆತೇಹೋಗಿತ್ತು. ಒಣಗಿದ ಕಾಯಿ ಮಳೆನೀರು ತಾಗಿದಾಗಲೇ ಸಿಡಿಯುತ್ತದೆ. ಬೀಜ ಮೊಳೆಯೋಕೆ ನೆಲ ಒದ್ದೆಯಾಗಿರಬೇಕಲ್ಲ, ಅದಕ್ಕೇ ಈ ಏರ್ಪಾಡು. ನಾನು ಬೆಳಗ್ಗೆ ಕಸ ಅಂತ ಗುಡಿಸಿದ್ದು ಮುಂದಿನ ವರ್ಷದ ಗಿಡಗಳನ್ನ.

ಮಾರನೇ ದಿನ ಡೇರೆ. ಡೇರೆ ಅಂದರೆ ನಿಮ್ಮ ನರ್ಸರಿಯವರು ಹೇಳುವ ಡೇಲಿಯಾ. ಅಟ್ಟದಲ್ಲಿ ಒಣಮರಳಿನ ಬುಟ್ಟಿಯೊಳಗೆ ಗೆಡ್ಡೆಗಳು ಮಲಗಿದ್ದವು. ಬುಟ್ಟಿ ಸಮೇತ ಕೆಳಮನೆ ದೊಡ್ಡಮ್ಮನಿಗೆ ಕೊಟ್ಟುಬಿಡೋಣ ಅಂತ ನಾನು ಇಳಿಸಿದ್ದು. “ಕೊಡೋದಾದ್ರೆ ಒಡೆದು, ನೋಡಿ ಕೊಡು ಮಾರಾಯ್ತಿ. ಕಣ್ಣಿಲ್ಲದ್ದು ಕೊಟ್ರೆ ಅವ್ಳು ವರ್ಷವಿಡೀ ಹೇಳ್ತಾಳೆ.”

ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಹಳೇ ಕಾಂಡ ಗೆಡ್ಡೆಗೆ ಸೇರುವ ಕತ್ತಿನ ಹತ್ತಿರ ಮಾತ್ರ ಸಣ್ಣ ಮೊಡವೆಯ ಹಾಗೆ ಇರುತ್ತದೆ. ಗೆಡ್ಡೆ ಎಷ್ಟೇ ದಪ್ಪ ಇರಲಿ, ಕತ್ತು ಮುರಿದಿದ್ದರೆ ಮಣ್ಣಲ್ಲಿ ಹಾಗೇ ಕೊಳೆಯುತ್ತದೆ. ಕತ್ತಿಯಲ್ಲಿ ಬಿಡಿಸುವಾಗ ಪ್ರತಿ ಗೆಡ್ಡೆಗೂ ಕಾಂಡದ ಒಂದು ಚೂರು ಅಂಟಿಕೊಂಡಿರಬೇಕು. ನಾನು ಹತ್ತು ಸಲ ಬೆಳಕಿಗೆ ಹಿಡಿದು ನೋಡಿದರೂ ಕಾಣದ್ದು ಅಮ್ಮನಿಗೆ ಹೆಬ್ಬೆರಳು ಸವರಿದರೆ ಸಾಕು. “ಇದು ಉಂಟು. ಇದಿಲ್ಲ. ಇದು... ಎರಡು ದಿನ ಒದ್ದೆ ಗೋಣಿ ಮುಚ್ಚಿಡು, ಹೇಳ್ತೀನಿ.” 31 ಗೆಡ್ಡೆಯಲ್ಲಿ 19 ಆಯ್ಕೆಯಾದವು.

ನಡುವೆ ಫೋನ್ ತೆಗೆದು ಓದಿ ಹೇಳಿದೆ: ಇದು ಮೂಲತಃ ಮೆಕ್ಸಿಕೋದ್ದು, 1963ರಲ್ಲಿ ಅಲ್ಲಿನ ರಾಷ್ಟ್ರೀಯ ಹೂವಾಯ್ತು, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ನೆನಪಿಗೆ ಆ ಹೆಸರು. ಹೇಳುವಾಗ ನನ್ನದೊಂದು ಲೆಕ್ಕಾಚಾರವೂ ಇತ್ತು. “ನೋಡು, ಅಷ್ಟು ದೂರದಿಂದ ಬಂದು ಇಲ್ಲಿ ಹೊಂದ್ಕೊಂಡಿದೆ.”

ಅಮ್ಮ ತಲೆ ಎತ್ತಲಿಲ್ಲ. “ಗೆಡ್ಡೆ ಇರುವಾಗ ತಂದಿರ್ತಾರೆ ಕಣೇ. ಹೂ ಬಿಟ್ಟು ನಿಂತ ಗಿಡನ ಕಿತ್ತು ನೆಡಕ್ಕಾಗುತ್ತಾ?”

ಆಮೇಲೆ ಸುಮಾರು ಹೊತ್ತು ಕತ್ತಿಯ ಸದ್ದು ಮಾತ್ರ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಜಗಳವನ್ನೇ ಆಡಿದೆ. ಕೊನೆಗೆ ಅವನೇ ಕೇಳಿದ, “ಬಗ್ಗೋದು ತಾನೇ ಪ್ರಾಬ್ಲಮ್ಮು? ಕುಂಡ ಮೇಲೆ ಇಟ್ರೆ?” ಶನಿವಾರ ತೋಟದ ಕೆಲಸಕ್ಕೆ ಬರುವವರ ಜೊತೆ ಸೇರಿ, ಬಿದ್ದ ಅಡಿಕೆ ಮರ ಸೀಳಿ, ಜಗಲಿಗೆ ತಾಗಿದಂತೆ ಸೊಂಟದೆತ್ತರಕ್ಕೆ ಒಂದು ಅಟ್ಟಣಿಗೆ ಕಟ್ಟಿದೆವು. ಸೂರಿನ ನೀರು ನೇರ ಗಿಡದ ಮೇಲೆ ಬೀಳಬಾರದು, ಆದರೆ ಬಿಸಿಲು ಬೇಕು. ಅಷ್ಟು ಸಣ್ಣ ವಿಷಯಕ್ಕೆ ಎರಡು ಸಲ ಕಿತ್ತು ಕಟ್ಟಿದ್ದಾಯಿತು. ಅಮ್ಮ ತಾನಾಗಿಯೇ ಹನ್ನೆರಡು ಕ್ರೋಟನ್ ಕುಂಡ ಬಿಟ್ಟುಕೊಟ್ಟಳು. “ಅವು ಹೂವೇ ಬಿಡಲ್ಲ, ಸುಮ್ನೆ ಜಾಗ” ಅಂದಳು. ಬಿಡುತ್ತವೆ, ಕಣ್ಣಿಗೆ ಬೀಳಲ್ಲ ಅಷ್ಟೆ, ಅಂತ ನಾನು ವಾದ ಮಾಡಲಿಲ್ಲ.

ಅಷ್ಟರಲ್ಲಿ ಎರಡು ಸಂಜೆ ಗುಡುಗು ಸಮೇತ ಕೃತ್ತಿಕಾ ಮಳೆ ಹೊಡೆದಿತ್ತು. ರೋಹಿಣಿ ಹಿಡಿಯುವ ಮೊದಲು ಗೆಡ್ಡೆ ಮಣ್ಣು ಸೇರಬೇಕು ಅಂತ ಅಮ್ಮನ ಅವಸರ. ಹೊರಡುವ ಹಿಂದಿನ ದಿನ ತರಗೆಲೆ ಸುರಿಯೋಕೆ ಗೊಬ್ಬರಗುಂಡಿಗೆ ಹೋದರೆ, ಅಂಚಿನಲ್ಲಿ ಹಲಸಿನ ಸಿಪ್ಪೆಯ ಪಕ್ಕ, ಕೆಂಪಗೆ, ಚೆಂಡಿನಷ್ಟು ದಪ್ಪ ಮೇ ಫ್ಲವರ್! ನಾನು ಖಾಲಿ ಅಂತ ಬೋರಲು ಹಾಕಿದ ಕುಂಡದ್ದು. ತಿಂಗಳುಗಟ್ಟಲೆ ಮಣ್ಣೊಳಗೆ ಸುಮ್ಮನಿದ್ದು, ಮೊದಲ ಮಳೆ ಬಿದ್ದ ಮೇಲೆ ಒಮ್ಮೆ ಅರಳುವ ಹೂ. ಹೆಚ್ಚು ದಿನ ಉಳಿಯಲ್ಲ.

ಕೂಗಿ ಕರೆದೆ. ಅಮ್ಮ ಕೋಲೂರಿಕೊಂಡು ಹಿತ್ತಿಲ ಬಾಗಿಲವರೆಗೆ ಬಂದು, ಅಲ್ಲೇ ನಿಂತು ನಕ್ಕಳು. “ನಂಗೆ ಅವತ್ತೇ ಗೊತ್ತಿತ್ತು.”

“ಹೇಳಬಾರದಿತ್ತಾ?”

“ನೀನು ಕೇಳ್ಲಿಲ್ಲ.”

ಅಲ್ಲೇ ಬಿಡು ಅಂದಳು. ಬಿಟ್ಟೆ.

ಬರುವಾಗ ಮೂರು ಗೆಡ್ಡೆ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ್ದಳು. ಬಾಲ್ಕನಿಯಲ್ಲಿ ಬೆಳಗಿನ ಬಿಸಿಲಿಗೆ ಇಟ್ಟಿದ್ದೇನೆ. ಚಿಗುರು ಕಾಣುವ ತನಕ ನೀರು ಜಾಸ್ತಿ ಹಾಕಬೇಡ ಅಂತ ದಿನಾ ಫೋನು.

ಮೊನ್ನೆ ಭಾನುವಾರ ಅಟ್ಟಣಿಗೆಯ ಫೋಟೋ ಬಂತು. ಅರ್ಧ ಫೋಟೋಗೆ ಅಮ್ಮನ ಬೆರಳು ಅಡ್ಡ. ಉಳಿದರ್ಧದಲ್ಲಿ ಏಳು ಚಿಗುರು ಎಣಿಸಿದೆ. ಬೆಂಗಳೂರಿನ ಮಾತು ಚೌತಿ ಕಳೆದ ಮೇಲಂತೆ. ಡೇರೆ ಹೂ ಬಿಟ್ಟಿರುತ್ತಲ್ಲ, ಆವಾಗ ಬಿಟ್ಟು ಬರೋದು ಹೇಗೆ ಅಂತ ಈಗಲೇ ಕೇಳ್ತಿದ್ದಾಳೆ.